ಐದನೇ ತಿಂಗಳ ಸ್ಕ್ಯಾನ್ ಆದ ಮೇಲೆ: ಬಸುರಿಯ ಬಂಧುಗಳಿಗೊಂದು ಬಹಿರಂಗ ಪತ್ರ

ಅತ್ತೆ ಮಾವಂದಿರಿಗೆ, ತವರಿನ ಅಪ್ಪ ಅಮ್ಮಂದಿರಿಗೆ, ದೊಡ್ಡಮ್ಮ ಚಿಕ್ಕಮ್ಮಂದಿರಿಗೆ, ನಾದಿನಿ ಓರಗಿತ್ತಿಯರಿಗೆ, ಅಣ್ಣ ತಮ್ಮ ಭಾವ ಮೈದುನರಿಗೆ,



ನಿಮ್ಮ ಮನೆಯ ಹುಡುಗಿಗೆ ಐದು ತಿಂಗಳು ತುಂಬುತ್ತಿದೆ. 18ರಿಂದ 20ನೇ ವಾರದ ಹೊತ್ತಿಗೆ ಮಾಡುವ ಅನಾಮಲಿ ಸ್ಕ್ಯಾನಿಗೆ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಬೇಗ ಮುಗಿಯುತ್ತದೆ ಅಂದುಕೊಂಡಿದ್ದು ಮುಗಿಯಲೇ ಇಲ್ಲ. ಡಾಕ್ಟರು ಮಾತು ಕಡಿಮೆ ಮಾಡಿ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದರು. ಸ್ವಲ್ಪ ನಡೆದಾಡಿ ಬಾಮ್ಮ, ಮಗು ತಿರುಗಲಿ ಅಂದರು. ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಸಂಜೆಯೊಳಗೆ ಸುದ್ದಿ ಅರ್ಧಂಬರ್ಧವಾಗಿ ನಿಮ್ಮವರೆಗೂ ಬಂತು. ಮಗುವಿನ ಹಾರ್ಟಿನಲ್ಲಿ ಏನೋ ಇದೆಯಂತೆ. ಬೆನ್ನಿನ ಮೇಲೆ ನೀರಿನ ಗಂಟಂತೆ. ಕಿಡ್ನಿ ಊದಿಕೊಂಡಿದೆಯಂತೆ. ಫೋನು ಕೈಗೆತ್ತಿಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ.

ನಾನು ಡಾಕ್ಟರಲ್ಲ. ನನ್ನ ತಂಗಿಯ ಮಗಳ ಎರಡನೇ ಬಸಿರಿನಲ್ಲಿ, ಹೊಟ್ಟೆಯೊಳಗಿನ ಮಗುವಿಗೆ ರಕ್ತ ಕೊಡಿಸಬೇಕಾಗಿ ಬಂದಾಗ ಅವಳ ಜೊತೆ ಓಡಾಡಿದವಳು. ಆ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಷ್ಟೋ ಊರುಗಳ ಬಸುರಿಯರ ಮಾತು ಕೇಳಿದೆ. ಒಬ್ಬೊಬ್ಬರದೂ ಒಂದೊಂದು ತೊಂದರೆ. ಆದರೆ ಕಣ್ಣೀರು ಹಾಕಿ ಹೇಳಿಕೊಂಡಾಗ ಹೆಚ್ಚಿನವರ ಬಾಯಲ್ಲಿ ಬಂದದ್ದು ಡಾಕ್ಟರು ಏನೆಂದರು ಎಂಬುದಲ್ಲ, ಮನೆಯಲ್ಲಿ ಏನೆಂದರು ಎಂಬುದು. ಅದಕ್ಕೇ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಸಂಗತಿ ತಿಳಿಸಬೇಕು. ಕೆಲವು ಮಕ್ಕಳಲ್ಲಿ ಬೆನ್ನುಹುರಿಯ ಕೊಳವೆ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಸ್ಪೈನಾ ಬೈಫಿಡಾ ಎನ್ನುತ್ತಾರೆ. ಹುಟ್ಟಿದ ಮೇಲೆ ಆಪರೇಷನ್ ಮಾಡುವುದು ರೂಢಿ. ತಾಯಿಯ ಗರ್ಭದಲ್ಲಿದ್ದಾಗಲೇ, 26 ವಾರ ತುಂಬುವ ಮೊದಲೇ ಮಾಡಿದರೆ ಹೇಗೆ ಎಂದು ಅಮೆರಿಕದ ಫಿಲಡೆಲ್ಫಿಯಾ, ನ್ಯಾಶ್‌ವಿಲ್, ಸ್ಯಾನ್ ಫ್ರಾನ್ಸಿಸ್ಕೊಗಳ ಮೂರು ಆಸ್ಪತ್ರೆಗಳು ಸೇರಿ ಪರೀಕ್ಷಿಸಿ ನೋಡಿದವು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮಿದುಳಿನ ನೀರು ಹರಿಸಲು ಷಂಟ್ ಎಂಬ ನಳಿಕೆ ಹಾಕಬೇಕಾಗುತ್ತದಲ್ಲ, ಹುಟ್ಟಿದ ಮೇಲೆ ಆಪರೇಷನ್ ಆದ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ನೂರಕ್ಕೆ 82 ಮಕ್ಕಳಿಗೆ ಅದು ಬೇಕಾಗಿತ್ತು. ಗರ್ಭದಲ್ಲೇ ಆದವರಲ್ಲಿ ಅದು 40ಕ್ಕೆ ಇಳಿಯಿತು. ಹಾಗೆಂದು ಇದು ಪುಕ್ಕಟೆ ಸಿಕ್ಕ ಲಾಭವೇನೂ ಅಲ್ಲ. ತಾಯಿಯ ಹೊಟ್ಟೆ, ಗರ್ಭಕೋಶ ಎರಡನ್ನೂ ಕೊಯ್ಯಬೇಕು, ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯ ಹೆಚ್ಚುತ್ತದೆ.

ನಿಮಗೆ ಮುಖ್ಯವಾಗಬೇಕಾದದ್ದು ಬೇರೆಯೇ ಇದೆ. ಆ ಅಧ್ಯಯನಕ್ಕೆ ಯಾರನ್ನು ಸೇರಿಸಿಕೊಳ್ಳಬಾರದು ಎಂಬ ಪಟ್ಟಿಯೊಂದಿತ್ತು. ಕೆಲವು ಕಾಯಿಲೆಗಳಿರುವ ಹೆಂಗಸರು ಅದರಲ್ಲಿದ್ದರು, ಅದು ಸಹಜ. ಗಂಡನೋ ತಾಯಿಯೋ ಯಾರಾದರೊಬ್ಬರು ಹೆರಿಗೆಯವರೆಗೂ ಜೊತೆಯಲ್ಲಿ ಬಂದು ಉಳಿಯಲು ಇಲ್ಲದ ಹೆಂಗಸು ಕೂಡ ಅದೇ ಪಟ್ಟಿಯಲ್ಲಿದ್ದಳು. ಜೊತೆಗಾರರಿಲ್ಲದಿದ್ದರೆ ಈ ಚಿಕಿತ್ಸೆ ಇಲ್ಲ ಎಂದು ವೈದ್ಯರೇ ಬರೆದಿಟ್ಟಿದ್ದರು. ಮನೆಯವರ ಆಸರೆಯನ್ನು ಅವರು ಔಷಧಿಯಷ್ಟೇ ಅಗತ್ಯವೆಂದು ಎಣಿಸಿದರು. ನೀವೂ ಹಾಗೆಯೇ ಎಣಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಆದರೆ ನಮ್ಮಲ್ಲಿ ಫೋನು ಎತ್ತಿದ ಕೂಡಲೇ ಬರುವ ಮೊದಲ ಪ್ರಶ್ನೆ ಏನು? ಯಾಕಮ್ಮ ಹೀಗಾಯ್ತು? ಗ್ರಹಣದ ದಿನ ಹೊರಗೆ ಬಂದಿದ್ಯಾ? ಪಪ್ಪಾಯಿ ತಿಂದ್ಯಾ? ಸ್ಕೂಟರಿನಲ್ಲಿ ಓಡಾಡಬೇಡ ಅಂದಿರಲಿಲ್ವಾ? ಇವೆಲ್ಲದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ, ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲಪ್ಪ ಎಂದು. ಹೇಳುವವರಿಗೆ ಅದು ಬರೀ ಮಾತು. ಕೇಳಿಸಿಕೊಂಡವಳಿಗೆ ಅದು ತೀರ್ಪು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಕಳೆದ ಐದು ತಿಂಗಳ ಒಂದೊಂದು ದಿನವನ್ನೂ ಕೆದಕಿ ನೋಡುತ್ತಾ ತಾನು ಮಾಡಿದ ತಪ್ಪು ಯಾವುದೆಂದು ಹುಡುಕುತ್ತಾಳೆ.

ಸೀಳುತುಟಿ ಗ್ರಹಣದಿಂದ ಬರುವುದಿಲ್ಲ. ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಮೊದಲ ಎರಡು ತಿಂಗಳೊಳಗೆ. ಆರನೇ ತಿಂಗಳಿನಲ್ಲಿ ಬಂದ ಗ್ರಹಣಕ್ಕೆ ಅದನ್ನು ಸೀಳುವ ಶಕ್ತಿಯೆಲ್ಲಿಂದ ಬರಬೇಕು? ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನಗಳೊಳಗೆ, ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಅದು ಮುಗಿದೇ ಹೋಗಿರುತ್ತದೆ. ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳಿ ಎಂದು ಹೇಳುವುದು ಇದೇ ಕಾರಣಕ್ಕೆ. ಮುಂದಿನ ಬಸಿರಿಗೆ ಆ ತಿಳಿವಳಿಕೆ ಬೇಕು. ಈ ಬಸಿರಿನಲ್ಲಿ ಅದನ್ನು ಎತ್ತಿ ಆಡಿದರೆ ಯಾರಿಗೂ ಉಪಯೋಗವಿಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳಿಗೆ ಹೃದಯದಲ್ಲಿ ಒಂದಲ್ಲ ಒಂದು ದೋಷವಿರುತ್ತದೆ, ಹೆಚ್ಚಿನವರಲ್ಲಿ ಇಂಥದ್ದೇ ಕಾರಣ ಎಂದು ಬೆರಳು ಮಾಡಿ ತೋರಿಸಲು ವೈದ್ಯರಿಗೂ ಆಗುವುದಿಲ್ಲ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಟ್ಟ ಮದುವೆಗಳಲ್ಲಿ ಕೆಲವು ಅನುವಂಶೀಯ ಕಾಯಿಲೆಗಳ ಸಾಧ್ಯತೆ ಹೆಚ್ಚು, ಇದು ನಿಜ. ಆ ಸಂಬಂಧವನ್ನು ಕೂಡಿಸಿ, ತಾಂಬೂಲ ಬದಲಾಯಿಸಿಕೊಂಡವರು ನಾವು ಹಿರಿಯರು. ಅದರ ಭಾರವನ್ನು ಆ ಹುಡುಗಿಯ ತಲೆಯ ಮೇಲೆ ಹೊರಿಸುವ ಹಕ್ಕು ನಮಗಿಲ್ಲ.

ನನ್ನ ತಂಗಿಯ ಮಗಳ ವಿಷಯಕ್ಕೆ ಬರುತ್ತೇನೆ. ಅವಳ ರಕ್ತ ನೆಗೆಟಿವ್, ಗಂಡನದು ಪಾಸಿಟಿವ್. ಮೊದಲ ಮಗು ಪಾಸಿಟಿವ್ ಆಗಿ ಆರೋಗ್ಯವಾಗಿಯೇ ಹುಟ್ಟಿತು. ಹೆರಿಗೆಯ ಹೊತ್ತಿನಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಯ ಮೈ ಸೇರಿದರೆ ಅವಳ ದೇಹ ಅದನ್ನು ಪರಕೀಯವೆಂದು ತಿಳಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಮುಂದಿನ ಮಗುವಿನ ಕೆಂಪು ರಕ್ತಕಣಗಳನ್ನು ಅವು ಒಡೆದುಹಾಕುತ್ತವೆ. ಇದನ್ನು ತಡೆಯಲು ಆಂಟಿ-ಡಿ ಎಂಬ ಇಂಜೆಕ್ಷನ್ ಇದೆ. ಬಸಿರಿನ 28ನೇ ವಾರದ ಹೊತ್ತಿಗೆ ಒಂದು, ಹೆರಿಗೆಯಾಗಿ 72 ಗಂಟೆಗಳೊಳಗೆ ಇನ್ನೊಂದು. ಅವಳಿಗೆ ಮೊದಲ ಹೆರಿಗೆಯಲ್ಲಿ ಅದನ್ನು ಯಾರೂ ಕೊಡಲಿಲ್ಲ. ಎರಡನೆಯದರಲ್ಲಿ, ಮಗುವಿನ ಮಿದುಳಿನ ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಎಂಬುದನ್ನು ಸ್ಕ್ಯಾನಿನಲ್ಲಿ ಅಳೆದು, ಮಗುವಿಗೆ ರಕ್ತ ತೀರಾ ಕಡಿಮೆಯಾಗಿದೆ ಎಂದರು. ಹೊಟ್ಟೆಯೊಳಗಿರುವ ಮಗುವಿಗೆ ರಕ್ತ ಕೊಡುತ್ತಾರೆಂದು ನಾನು ಕೇಳಿಯೇ ಇರಲಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ವಿಲಿಯಂ ಲೈಲಿ ಎಂಬ ವೈದ್ಯರು ಇದನ್ನು ಮೊದಲ ಬಾರಿ ಯಶಸ್ವಿಯಾಗಿ ಮಾಡಿದ್ದು 1963ರಲ್ಲಿ ಎಂದು ತಿಳಿದದ್ದೂ ಆಮೇಲೆಯೇ.

ಸ್ಕ್ಯಾನ್ ನೋಡುತ್ತಾ ತಾಯಿಯ ಹೊಟ್ಟೆಯ ಮೂಲಕ ತೆಳುವಾದ ಸೂಜಿಯನ್ನು ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ಚುಚ್ಚುತ್ತಾರೆ. ತಾಯಿಗೆ ಪೂರ್ತಿ ಎಚ್ಚರವಿರುತ್ತದೆ, ಚುಚ್ಚುವ ಜಾಗವನ್ನಷ್ಟೇ ಮರಗಟ್ಟಿಸಿರುತ್ತಾರೆ. ಅಲುಗಾಡದೆ ಮಲಗಿರಬೇಕು. ಒಂದು ಸಲಕ್ಕೆ ಮುಗಿಯುವುದಿಲ್ಲ, ಎರಡು ಮೂರು ವಾರಕ್ಕೊಮ್ಮೆ ಮತ್ತೆ ಕೊಡಬೇಕಾಗುತ್ತದೆ. ಸಾಮಾನ್ಯವಾಗಿ ಓ ನೆಗೆಟಿವ್ ರಕ್ತವೇ ಬೇಕು, ಹೊಸದಾಗಿರಬೇಕು, ತಾಯಿಯ ರಕ್ತಕ್ಕೂ ಹೊಂದಬೇಕು. ನಮ್ಮ ದೇಶದಲ್ಲಿ ನೆಗೆಟಿವ್ ಗುಂಪಿನವರೆಲ್ಲ ಸೇರಿದರೂ ನೂರಕ್ಕೆ ಸುಮಾರು ಐದು ಜನ, ಅದರಲ್ಲಿ ಓ ನೆಗೆಟಿವ್ ಇನ್ನೂ ವಿರಳ. ಪ್ರತಿ ಸಲವೂ ರಕ್ತನಿಧಿಗೆ ದಾನಿಗಳನ್ನು ಹೊಂದಿಸಿಕೊಟ್ಟವನು ಅವಳ ಮೈದುನ. ಕಾಲೇಜಿನ ಹುಡುಗ, ಅತ್ತಿಗೆಯ ಮುಂದೆ ನಿಂತು ನಾಲ್ಕು ಮಾತಾಡಲು ನಾಚುವವನು. ಯಾಕೆ, ಏನು ಎಂದು ಅವನು ಒಂದು ದಿನ ಕೇಳಲಿಲ್ಲ. ಯಾವಾಗ ಬೇಕು, ಎಷ್ಟು ಜನ ಬೇಕು, ಇಷ್ಟೇ ಅವನ ಪ್ರಶ್ನೆ. ಆ ಮನೆಯಲ್ಲಿ ಅವಳಿಗೆ ಅತಿ ಹೆಚ್ಚು ಧೈರ್ಯ ಕೊಟ್ಟವರು ಯಾರು ಎಂದು ಕೇಳಿದರೆ ಇವತ್ತಿಗೂ ಅವನ ಹೆಸರನ್ನೇ ಹೇಳುತ್ತಾಳೆ.

ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬುವರನ್ನೂ ಇಲ್ಲಿ ನೆನೆಯಬೇಕು. ಎಳೆಯ ವಯಸ್ಸಿನಲ್ಲಿ ಎದೆಯ ಆಪರೇಷನ್ ಆದಾಗ ಅಪರಿಚಿತರ ರಕ್ತದಿಂದ ಉಳಿದವರು. 1954ರಿಂದ 2018ರವರೆಗೆ 1,173 ಬಾರಿ ದಾನ ಮಾಡಿದರು. ಅವರ ಪ್ಲಾಸ್ಮಾದಲ್ಲಿದ್ದ ಪ್ರತಿಕಾಯದಿಂದ ತಯಾರಾದ ಆಂಟಿ-ಡಿ ಅಲ್ಲಿನ ಸುಮಾರು 24 ಲಕ್ಷ ಮಕ್ಕಳನ್ನು ಕಾಪಾಡಿತು ಎಂದು ಲೆಕ್ಕ. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆ ತಾಯಂದಿರಲ್ಲಿ ಬಹುತೇಕ ಯಾರ ಮುಖವನ್ನೂ ಅವರು ನೋಡಿದವರಲ್ಲ. ನಾವು ಆ ಹುಡುಗಿಗೆ ಹತ್ತಿರದವರು.

ಎಲ್ಲ ಸ್ಕ್ಯಾನ್ ವರದಿಯೂ ಇಷ್ಟು ಗಂಭೀರವಲ್ಲ ಎಂಬುದೂ ನಿಮಗೆ ಗೊತ್ತಿರಲಿ. ಕಿಡ್ನಿ ಸ್ವಲ್ಪ ಊದಿಕೊಂಡಿದ್ದರೆ ಬಹಳ ಮಕ್ಕಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ, ಹುಟ್ಟಿದ ಮೇಲೆ ಸ್ಕ್ಯಾನ್ ಮಾಡಿ ಗಮನಿಸುತ್ತಿದ್ದರೆ ಸಾಕು. ಪಾದ ಒಳಕ್ಕೆ ತಿರುಚಿಕೊಂಡಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಪ್ಲಾಸ್ಟರ್ ಪಟ್ಟಿ ಹಾಕುತ್ತಾ ನೇರ ಮಾಡುತ್ತಾರೆ. ಸೀಳುತುಟಿಯನ್ನು ಮೂರು ತಿಂಗಳ ಆಸುಪಾಸಿನಲ್ಲಿ ಹೊಲಿಯುತ್ತಾರೆ. ವರದಿಯ ಒಂದು ಪದವನ್ನು ಮೊಬೈಲಿನಲ್ಲಿ ಹುಡುಕಿ, ಬಂದ ಚಿತ್ರಗಳನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಆ ಗುಂಪಿನಲ್ಲಿ ಅವಳೂ ಇದ್ದಾಳೆ.

ಕೆಲವು ಸಲ ಮಗುವಿನ ಔಷಧಿಯನ್ನು ತಾಯಿ ನುಂಗಬೇಕಾಗುತ್ತದೆ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160. ಅದು 200 ದಾಟಿ ಓಡತೊಡಗಿದರೆ ಡಿಗಾಕ್ಸಿನ್, ಫ್ಲೆಕನೈಡಿನಂಥ ಹೃದಯದ ಮಾತ್ರೆಗಳನ್ನು ತಾಯಿಗೆ ಕೊಡುತ್ತಾರೆ, ಅದು ಮಾಸಿನ ಮೂಲಕ ಮಗುವನ್ನು ಮುಟ್ಟುತ್ತದೆ. ಅವಳ ಹೃದಯದಲ್ಲಿ ಯಾವ ತೊಂದರೆಯೂ ಇಲ್ಲ. ಆದರೂ ವಾಕರಿಕೆ ಅವಳಿಗೆ, ಮತ್ತೆ ಮತ್ತೆ ಇಸಿಜಿ ಅವಳಿಗೆ. ಬಸುರಿ ಇಷ್ಟೊಂದು ಮಾತ್ರೆ ತಿನ್ನಬಾರದು, ನಿಲ್ಲಿಸು ಎಂದು ಮಮತೆಯಿಂದಲೇ ನೀವು ಹೇಳಿಬಿಡಬಹುದು. ದಯವಿಟ್ಟು ಹೇಳಬೇಡಿ. ಅನುಮಾನವಿದ್ದರೆ ಅವಳ ಒಪ್ಪಿಗೆ ಪಡೆದು ಡಾಕ್ಟರ ಮುಂದೆ ಕೂತು ಕೇಳಿ. ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿದು ಎರಡಕ್ಕೂ ಕುತ್ತು ಬಂದಾಗ ಲೇಸರಿನಿಂದ ಆ ನಾಳಗಳನ್ನು ಮುಚ್ಚುವುದೂ ಇದೆ. ಅಂಥ ಸಮಯದಲ್ಲಿ ನಿರ್ಧಾರಕ್ಕೆ ಸಿಗುವುದು ಒಂದೆರಡು ದಿನ. ಒಳ್ಳೆಯ ದಿನ ನೋಡೋಣ, ಅಮಾವಾಸ್ಯೆ ಕಳೆಯಲಿ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ.

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಮನಸ್ತಾಪ ಆಗುವುದು ಹೆರಿಗೆ ಎಲ್ಲಿ ಎಂಬ ವಿಷಯದಲ್ಲಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಬಾಣಂತನ ಅಮ್ಮನೇ ಮಾಡಬೇಕು. ಆ ಪದ್ಧತಿಯ ಹಿಂದಿನ ಅಕ್ಕರೆ ನನಗೆ ಗೊತ್ತು, ನನ್ನ ಎರಡು ಹೆರಿಗೆಯೂ ಹಾಗೇ ಆದದ್ದು. ಆದರೆ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿರುವ ಮಗುವನ್ನು ನೆನೆಸಿಕೊಳ್ಳಿ. ಗರ್ಭದಲ್ಲಿ ಅದು ಚೆನ್ನಾಗಿಯೇ ಬೆಳೆಯುತ್ತದೆ, ಉಸಿರಿನ ಕೆಲಸವನ್ನು ತಾಯಿಯೇ ಮಾಡುತ್ತಿರುತ್ತಾಳೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮೈ ನೀಲಿಗಟ್ಟಬಹುದು. ತಕ್ಷಣ ಡ್ರಿಪ್ಪಿನಲ್ಲಿ ಪ್ರೊಸ್ಟಾಗ್ಲಾಂಡಿನ್ ಕೊಡಬೇಕು, ಕೆಲವರಿಗೆ ಬಲೂನಿನಿಂದ ಹೃದಯದ ಒಳಗೋಡೆಯಲ್ಲಿ ದಾರಿ ಮಾಡಬೇಕು, ಮೊದಲ ಕೆಲವು ವಾರಗಳಲ್ಲೇ ಆಪರೇಷನ್ ಆಗಬೇಕು. ತವರು ರಾಯಚೂರಿನಲ್ಲಿದ್ದು ಆ ಆಪರೇಷನ್ ಬೆಂಗಳೂರಿನಲ್ಲಿ ಆಗಬೇಕಾದರೆ, ನಡುವಿನ ಸುಮಾರು 400 ಕಿಲೋಮೀಟರನ್ನು ಮಗು ಆಂಬುಲೆನ್ಸಿನಲ್ಲಿ ದಾಟುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿದ್ದೇ ದಾಟುವುದು ಎಷ್ಟೋ ಕ್ಷೇಮ. ಹಾಗಾಗಿ ತವರಿನ ಅಮ್ಮನಿಗೆ ನನ್ನ ವಿನಂತಿ, ಈ ಸಲ ಮಗಳನ್ನು ಊರಿಗೆ ಕರೆಸಿಕೊಳ್ಳುವ ಬದಲು ನೀವೇ ಹೊರಡಿ. ಆಸ್ಪತ್ರೆಯ ಹತ್ತಿರ ಒಂದು ರೂಮು ನೋಡಿ, ಮೆಂತ್ಯದ ಪುಡಿ, ಬಾಣಂತಿ ಖಾರ ಕಟ್ಟಿಕೊಂಡು ಅಲ್ಲಿಗೇ ಬನ್ನಿ. ಅತ್ತೆಯವರೂ ಇದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳದಿರಲಿ.

ದುಡ್ಡಿನ ಮಾತನ್ನು ಯಾರಾದರೂ ಒಬ್ಬರು ವಹಿಸಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಮಕ್ಕಳ ಹುಟ್ಟುದೋಷಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಯಾವುದಕ್ಕೆ ಯಾವುದು ಅನ್ವಯಿಸುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ಆರೋಗ್ಯಮಿತ್ರರನ್ನೋ ಕೇಳಿ ಮೊದಲೇ ಬರೆದಿಟ್ಟುಕೊಂಡು, ತಾಯಿ ಕಾರ್ಡು, ರೇಷನ್ ಕಾರ್ಡು, ಆಧಾರ್, ಶಿಫಾರಸು ಪತ್ರ, ಹಳೆಯ ಸ್ಕ್ಯಾನ್ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿ ಕೊಟ್ಟರೆ ಆ ದಂಪತಿಗೆ ದೊಡ್ಡ ಉಪಕಾರ.

ಇನ್ನು ಹೇಳಲು ಕಷ್ಟವಾದ ವಿಷಯ. ಕೆಲವು ಸ್ಕ್ಯಾನುಗಳ ಕೊನೆಯಲ್ಲಿ ಡಾಕ್ಟರು ಚಿಕಿತ್ಸೆಯ ದಾರಿ ಹೇಳುವುದಿಲ್ಲ, ಅಥವಾ ಹೇಳಿದರೂ ಮಗು ಉಳಿಯುವ ಭರವಸೆ ಕೊಡುವುದಿಲ್ಲ. ಬಸಿರನ್ನು ಮುಂದುವರಿಸುವುದೋ ಬೇಡವೋ ಎಂಬ ಪ್ರಶ್ನೆ ಬರುತ್ತದೆ. ಗಂಭೀರ ದೋಷವಿದ್ದರೆ 24 ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿ ಪರಿಶೀಲಿಸಿ ಅನುಮತಿ ಕೊಡಬಹುದು ಎಂದು 2021ರ ತಿದ್ದುಪಡಿ ಹೇಳುತ್ತದೆ. ವಯಸ್ಕ ಹೆಂಗಸಿನ ಒಪ್ಪಿಗೆಯೊಂದೇ ಕಾನೂನಿಗೆ ಸಾಕು, ಗಂಡನ ಸಹಿ ಕೂಡ ಬೇಕಿಲ್ಲ. ತೆಗೆಸಿಬಿಡು ಎಂದು ಒಂದು ಕಡೆಯವರು, ಪಾಪ ಕಟ್ಟಿಕೊಳ್ಳಬೇಡ ಎಂದು ಇನ್ನೊಂದು ಕಡೆಯವರು ಎಳೆದಾಡುವುದನ್ನು ನಾನು ನೋಡಿದ್ದೇನೆ. ಗಂಡ ಹೆಂಡತಿ ಇಬ್ಬರೂ ಯೋಚಿಸಿ ಏನು ನಿರ್ಧರಿಸುತ್ತಾರೋ ಅದಾದ ಮೇಲೆ ಅದೇ ನಿಮ್ಮ ನಿರ್ಧಾರವೂ ಆಗಲಿ. ಗಂಡೋ ಹೆಣ್ಣೋ ಗೊತ್ತಾದರೆ ಯೋಚಿಸಬಹುದಿತ್ತು ಎನ್ನುವವರೂ ಇದ್ದಾರೆ. ಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇರದಿದ್ದರೂ ಆ ಮಾತು ಆ ತಾಯಿಯ ಮುಂದೆ ಆಡುವಂಥದ್ದಲ್ಲ.

ಸೀಮಂತ ಮಾಡಬೇಕೋ ಬೇಡವೋ? ಅವಳನ್ನೇ ಕೇಳಿ. ಮನೆ ತುಂಬ ಜನ ಬೇಡ, ಅಮ್ಮ ಹಸಿರು ಬಳೆ ತೊಡಿಸಿದರೆ ಸಾಕು ಎಂದಾಳು. ಅದೂ ಬೇಡ ಎಂದಾಳು. ನನ್ನ ಮಗುವಿಗೂ ಎಲ್ಲ ಆಗಲಿ ಎಂದಳೋ, ಯಾವ ಬಸುರಿಗೆ ಮಾಡಿದರೂ ಮಾಡುವಷ್ಟೇ ಸಡಗರದಿಂದ ಮಾಡಿ.

ಗಂಡನನ್ನು ಎಲ್ಲರೂ ಮರೆಯುತ್ತಾರೆ. ಡಾಕ್ಟರು ಹೇಳಿದ್ದನ್ನು ಎರಡೂ ಮನೆಗೆ ತಲುಪಿಸುವವನು ಅವನು, ರಜೆ ಕೇಳುವವನು, ಸಾಲ ಕೇಳುವವನು, ಅವಳ ಮುಂದೆ ಧೈರ್ಯವಾಗಿರಬೇಕಾದವನು. ನಿಮ್ಮಲ್ಲಿ ಒಬ್ಬರು ಅವನನ್ನು ಬೇರೆಯಾಗಿ ಹೊರಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿ, ಅವನು ಅತ್ತರೆ ಅಳಲು ಬಿಡಿ. ಇಬ್ಬರಲ್ಲಿ ಯಾರಿಗಾದರೂ ನಿದ್ದೆ ಹತ್ತುತ್ತಿಲ್ಲ, ಬದುಕು ಸಾಕು ಎನ್ನುವಂಥ ಮಾತು ಬರುತ್ತಿದೆ ಎಂದರೆ 14416ಕ್ಕೆ ಫೋನ್ ಮಾಡಿಸಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸಿನ ತೊಂದರೆಗಳಿಗೆಂದೇ ಚಿಕಿತ್ಸೆಯಿದೆ.

ಎಲ್ಲ ಮಾಡಿದರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆಗ ನಮ್ಮವರು ಅವಸರ ಮಾಡುತ್ತಾರೆ. ಅವಳು ನೋಡುವುದು ಬೇಡ ಎಂದು ಮಗುವನ್ನು ಬೇಗ ತೆಗೆದುಕೊಂಡು ಹೋಗುತ್ತಾರೆ, ಇನ್ನೊಂದಾಗುತ್ತೆ ಬಿಡು ಎನ್ನುತ್ತಾರೆ. ಅವಳಿಗೆ ಮಗುವನ್ನು ನೋಡಬೇಕೆ, ಎತ್ತಿಕೊಳ್ಳಬೇಕೆ ಎಂದು ಕೇಳಿ, ಬೇಕೆಂದರೆ ಸಮಯ ಕೊಡಿ. ಮೂರನೇ ದಿನದ ಹೊತ್ತಿಗೆ ಎದೆಯಲ್ಲಿ ಹಾಲು ತುಂಬಿ ಬರುತ್ತದೆ. ಈ ವಿಷಯವನ್ನು ಯಾರೂ ಅವಳಿಗೆ ಮೊದಲೇ ಹೇಳಿರುವುದಿಲ್ಲ. ಡಾಕ್ಟರನ್ನು ಕೇಳಿ ಅದಕ್ಕೆ ಏನು ಮಾಡಬೇಕೆಂದು ನೀವು ತಿಳಿದಿಟ್ಟುಕೊಳ್ಳಿ. ಅವಳಿಗೂ ಬಾಣಂತನ ಬೇಕು, ಎಣ್ಣೆನೀರು ಬೇಕು, ಬಿಸಿ ಊಟ ಬೇಕು. ಗರ್ಭ ಇಳಿದರೆ ಅಥವಾ ತೆಗೆಸಬೇಕಾಗಿ ಬಂದರೆ ಕಾನೂನಿನ ಪ್ರಕಾರ ಆರು ವಾರ ಸಂಬಳದ ರಜೆಗೆ ಹಕ್ಕಿದೆ. ಕೆಲಸಕ್ಕೆ ಹೋಗುವವಳಾದರೆ ಆ ಅರ್ಜಿಯನ್ನು ಅವಳ ಕೈಯಿಂದಲೇ ಬರೆಸಬೇಡಿ, ಬರೆದುಕೊಟ್ಟು ಸಹಿ ಮಾತ್ರ ಹಾಕಿಸಿ.

ಮಗು ಉಳಿದರೆ, ಈಗಿನ ಚಿಕಿತ್ಸೆಯಿಂದ ಉಳಿಯುವ ಮಕ್ಕಳು ಬಹಳ, ಮೊದಲ ದಿನಗಳು ನವಜಾತ ಶಿಶುಗಳ ಐಸಿಯುನಲ್ಲಿ ಕಳೆಯುತ್ತವೆ. ಸಾಮಾನ್ಯವಾಗಿ ಅಪ್ಪ ಅಮ್ಮನನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಮಗು ನೋಡಲೆಂದು ಗುಂಪುಗಟ್ಟಿ ಹೋಗಬೇಡಿ, ಫೋಟೊ ಕಳಿಸು ಎಂದು ಪೀಡಿಸಬೇಡಿ. ಹೊಟ್ಟೆಯ ಹೊಲಿಗೆ ಮಾಯದ ತಾಯಿ ಮೂರು ಗಂಟೆಗೊಮ್ಮೆ ಹಾಲು ಹಿಂಡಿಕೊಡುತ್ತಾ ವರಾಂಡದ ಕುರ್ಚಿಯಲ್ಲಿ ಕೂತಿರುತ್ತಾಳೆ. ಅವಳಿಗೆ ಹೊತ್ತುಹೊತ್ತಿಗೆ ಊಟದ ಡಬ್ಬಿ ಬರಬೇಕು, ಮನೆಯಲ್ಲಿ ದೊಡ್ಡ ಮಗುವಿದ್ದರೆ ಅದನ್ನು ಶಾಲೆಗೆ ಬಿಟ್ಟು ಕರೆತರಬೇಕು, ರಾತ್ರಿ ಅವಳ ಗಂಡ ಎರಡು ಗಂಟೆ ಮಲಗಲು ಹೋದಾಗ ಪಕ್ಕದಲ್ಲೊಬ್ಬರು ಇರಬೇಕು. ಬೆಳಗಿನ ಡಬ್ಬಿ ಯಾರದು, ರಾತ್ರಿಯದು ಯಾರದು, ಯಾವ ದಿನ ಯಾರ ಪಾಳಿ ಎಂದು ಎರಡೂ ಕಡೆಯವರು ಕೂತು ಇವತ್ತೇ ಬರೆದುಕೊಳ್ಳಿ. ಅತ್ತೆಯ ಮನೆಯವರು ಮೊದಲ ವಾರ ಹಿಡಿದರೆ ತವರಿನವರು ಎರಡನೆಯದು ಹಿಡಿಯಲಿ.

ಇಂತಿ,
ನಿಮ್ಮಂಥದ್ದೇ ಒಂದು ಮನೆಯ ದೊಡ್ಡಮ್ಮ